ಎರಡು ಕೊಡ ನೀರು, ನಾಲ್ಕು ಸ್ವರ

ಗ, ಸ, ಗ, ರಿ. ಇಷ್ಟೇ! ನಾಲ್ಕು ಸ್ವರ ನುಡಿದದ್ದೇ ತಡ, ಪರದೆಯ ಮೇಲಿದ್ದ ದೊಡ್ಡ ಮೊಟ್ಟೆ ತಾನಾಗಿ ಬಿರಿಯಿತು, ಒಳಗಿಂದ ಹಂಸದ ಮರಿಯೊಂದು ಹೊರಬಂತು. ಒಡೆದವರಿಲ್ಲ, ಹೊಡೆದವರಿಲ್ಲ. ಚಹಾದ ಕಪ್ಪು ಕೈಯಲ್ಲೇ ಹಿಡಿದು ನಿಂತುಬಿಟ್ಟೆ ನಾನು.

ಹೊಸರಿತ್ತಿಯ ನಮ್ಮ ಮನೆಯ ಪಡಸಾಲೆ. ಏಪ್ರಿಲ್ ಬಿಸಿಲಿಗೆ ಹೆಂಚು ಕಾದಿತ್ತು, ವರದಾ ನದಿಯ ಕಡೆಯಿಂದ ಬೀಸುವ ಗಾಳಿಯೂ ಬಿಸಿಯೇ. ಸೂಟಿಗೆಂದು ರಾಣೆಬೆನ್ನೂರಿನಿಂದ ಬಂದಿದ್ದ ಅಕ್ಕನ ಮಗ ಚಾಪೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದ.

“ಏನೋ ಅದು? ಬಡಿದಾಡೋ ಗೇಮ್ ಅಲ್ಲೇನು?”

“ಅಲ್ರಿ ಮಾಮಾ. ಇದ್ರಾಗ ನಮ್ಮ ಕೈಯಾಗ ಕತ್ತೀನ ಇಲ್ಲ, ನಾವು ಸಾಯೂದೂ ಇಲ್ಲ. ಬರೇ ಸ್ವರ.”

ಆಟದ ಹೆಸರು ‘ಲೂಮ್’. ಅಂದರೆ ಮಗ್ಗ! ಲ್ಯೂಕಾಸ್‌ಫಿಲ್ಮ್ ಗೇಮ್ಸ್ 1990ರಲ್ಲಿ ತಂದದ್ದು, ರಚಿಸಿದವರು ಬ್ರಯಾನ್ ಮೊರಿಯಾರ್ಟಿ. ನಾಯಕ ನೇಕಾರರ ಕುಲದ ಹುಡುಗ, ಬಾಬಿನ್ ಥ್ರೆಡ್‌ಬೇರ್. ಅವನ ಕೈಯಲ್ಲಿರುವುದು ನೂಲುವವರು ಅರಳೆ ಸುತ್ತಿ ಹಿಡಿಯುವ ಉದ್ದನೆಯ ಒಂದು ಕೋಲು. ಪರದೆಯ ಕೆಳಗೆ ಅದೇ ಕೋಲು ಅಡ್ಡಲಾಗಿ ಮಲಗಿದೆ, ಅದರ ಮೈಮೇಲೆ ಸ್ವರಸ್ಥಾನಗಳು. ಮೊದಮೊದಲು ಮೂರೇ ಸ್ವರ ಸಿಗುತ್ತವೆ. ಅವರ ಲೆಕ್ಕದಲ್ಲಿ ಸಿ, ಡಿ, ಇ. ನಮ್ಮ ಲೆಕ್ಕದಲ್ಲಿ ಸ, ರಿ, ಗ. ಹಾರ್ಮೋನಿಯಂ ಮುಂದೆ ಕೂತ ಮಗು ಮೊದಲ ದಿನ ಒತ್ತುವ ಮೂರು ಮನೆಗಳು! ಪಂಚಾಕ್ಷರಿ ಗವಾಯಿಗಳು ಹುಟ್ಟಿದ ಕಾಡಶೆಟ್ಟಿಹಳ್ಳಿ ನಮ್ಮದೇ ಜಿಲ್ಲೆಯ ಹಾನಗಲ್ಲ ತಾಲ್ಲೂಕಿನದು. ಈ ಸೀಮೆಯಲ್ಲಿ ಸ್ವರ ಹಿಡಿದು ಬಾಗಿಲು ತೆರೆಯುವುದೆಂದರೆ ಯಾರಿಗೆ ಮೈ ಜುಮ್ಮೆನ್ನುವುದಿಲ್ಲ ಹೇಳಿ!

ಆದರೆ ನಿಜವಾದ ಬೆರಗು ಇನ್ನೂ ಮುಂದಿತ್ತು. ಗ ಸ ಗ ರಿ ನುಡಿಸಿದರೆ ಮುಚ್ಚಿದ್ದು ತೆರೆಯುತ್ತದೆ. ಅದನ್ನೇ ತಿರುಗಾ ಮುರುಗಾ ಮಾಡಿ ರಿ ಗ ಸ ಗ ಎಂದರೆ? ತೆರೆದದ್ದು ಮುಚ್ಚುತ್ತದೆ! ಹುಲ್ಲನ್ನು ಚಿನ್ನ ಮಾಡುವ ಮಟ್ಟು ಒಂದಿದೆ, ಹಿಂದಿನಿಂದ ನುಡಿಸಿದರೆ ಚಿನ್ನ ಹುಲ್ಲಾಗುತ್ತದೆ. ಹರಿತ ಮಾಡುವ ಮಟ್ಟು ತಿರುಗಿದರೆ ಮೊಂಡು ಮಾಡುತ್ತದೆ. ಒಂದು ಗವಿಯಲ್ಲಿ ಚಿನ್ನದ ರಾಶಿಯ ಮೇಲೆ ಮಲಗಿದ ಡ್ರ್ಯಾಗನ್ ಸಿಗುತ್ತದೆ. ಬೇರೆ ಆಟವಾಗಿದ್ದರೆ ಅರ್ಧ ಗಂಟೆ ಕಾದಾಟ. ಇಲ್ಲಿ ಹುಡುಗ ಮಾಡುವುದೇನು ಗೊತ್ತೇ? ಆ ಚಿನ್ನವನ್ನೆಲ್ಲ ಹುಲ್ಲು ಮಾಡಿಬಿಡುತ್ತಾನೆ! ಹುಲ್ಲಿಗೆ ಬೆಂಕಿ ಹತ್ತುತ್ತದೆ, ಬೆಂಕಿಗೆ ಹೆದರುವ ಆ ಡ್ರ್ಯಾಗನ್ ಗವಿ ಬಿಟ್ಟು ಹಾರಿಹೋಗುತ್ತದೆ. ಒಂದು ಏಟಿಲ್ಲ, ಒಂದು ಹನಿ ರಕ್ತವಿಲ್ಲ. ನಾನು ಅದನ್ನು ಎರಡು ಸಲ ಮತ್ತೆ ಆಡಿಸಿ ನೋಡಿದೆ.

ಇನ್ನೊಂದು ಸೊಗಸು. ಆಟ ಹೊಸದಾಗಿ ಶುರುಮಾಡಿದಾಗಲೆಲ್ಲ ಬಹಳಷ್ಟು ಮಟ್ಟುಗಳು ಬದಲಾಗುತ್ತವೆ. ಹಿಂದಿನ ಸಲದ ಗಟ್ಟಿಪಾಠ ಈ ಸಲ ಬಾರದು. ಕಿವಿಗೊಟ್ಟು ಕೇಳಬೇಕು, ಬರೆದಿಟ್ಟುಕೊಳ್ಳಬೇಕು. ಅದಕ್ಕೆಂದೇ ಆಗ ಆಟದ ಡಬ್ಬಿಯೊಳಗೆ ಒಂದು ಪುಸ್ತಕ ಬರುತ್ತಿತ್ತು, ಮಟ್ಟು ಬರೆಯುವ ಜಾಗ ಖಾಲಿ, ಪೆನ್ಸಿಲ್ಲಿನಲ್ಲಿ ತುಂಬಿಕೊಳ್ಳಬೇಕು. ನಮ್ಮ ಹುಡುಗನ ತೊಡೆಯ ಮೇಲೂ ಗಣಿತದ ಹಳೆಯ ನೋಟುಬುಕ್ಕು, ಕೊನೆಯ ಪುಟಗಳ ತುಂಬ ಸರಿಗಮ!

ಅಷ್ಟರಲ್ಲಿ ಅವ್ವ ಹಿತ್ತಲಿನಿಂದ ಬಂದಳು. ಒಣಹಾಕಿದ್ದ ಬ್ಯಾಡಗಿ ಮೆಣಸಿನಕಾಯಿಯ ಘಾಟು ಅವಳ ಸೆರಗಿನ ಜೊತೆಗೇ ಒಳಗೆ ಬಂತು. ಬಗ್ಗಿ ಪರದೆ ನೋಡಿದಳು. “ಇದು ನೂಲೂ ಮಂದೀದಲ್ಲೇನೋ?” ಎಂದಳು. ಅವಳ ತಾಯಿ ರಾಟಿ ತಿರುವಿದವಳು. ಹಂಜಿ ಹಿಡಿಯುವ ಬೆರಳು, ಕದಿರಿನ ಗುಂಯ್ ಸದ್ದು, ಎಳೆ ಹರಿದಾಗ ಎಂಜಲು ಹಚ್ಚಿ ಕೂಡಿಸುವುದು, ಎಲ್ಲ ಅವಳಿಗೆ ಗೊತ್ತು.

ಹೊಸರಿತ್ತಿಯಲ್ಲಿ ನಿಂತು ನೂಲಿನ ಶಕ್ತಿಯ ಮಾತು ಬಂದರೆ ಮೈಲಾರ ಮಹಾದೇವರನ್ನು ನೆನೆಯದೆ ಮುಂದೆ ಹೋಗಲು ನನ್ನಿಂದಾಗದು. ಮೋಟೆಬೆನ್ನೂರಿನ ಆ ತರುಣ 1930ರಲ್ಲಿ ಗಾಂಧೀಜಿಯ ಜೊತೆ ದಂಡಿಗೆ ನಡೆದವರು, ಕೊರಡೂರಿನಲ್ಲಿ ಖಾದಿಯ ಕೆಲಸ ಕಟ್ಟಿದವರು. 1943ರ ಏಪ್ರಿಲ್ 1ರಂದು ಇದೇ ಊರಿನ ವೀರಭದ್ರ ದೇವರ ಗುಡಿಯಲ್ಲಿ ಇಟ್ಟಿದ್ದ ಸರಕಾರದ ಕಂದಾಯದ ಹಣಕ್ಕೆ ಕೈಹಾಕಲು ಬಂದಾಗ ಗುಂಡಿಗೆ ಬಲಿಯಾದರು. ಜೊತೆಗಿದ್ದ ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಅವರೂ ಅಂದೇ ಹೋದರು. ಆ ಗುಡಿಯ ಊರಿನಲ್ಲಿ, ಅದೇ ತಿಂಗಳಲ್ಲಿ, ಒಬ್ಬ ಹುಡುಗ ನೂಲಿನ ಕೋಲು ಹಿಡಿದು ಜಗತ್ತು ರಿಪೇರಿ ಮಾಡುವ ಆಟ ಆಡುತ್ತಿದ್ದ. ನನ್ನ ಗಂಟಲು ಕಟ್ಟಿತು, ಅಷ್ಟು ಹೇಳಿದರೆ ಸಾಕು.

ಆಮೇಲೆ ವಾರವಿಡೀ ನಾನು ಮನುಷ್ಯನಾಗಿ ಉಳಿಯಲಿಲ್ಲ. ಇಂಥವು ಇನ್ನೆಷ್ಟಿವೆ? ಹೊಡೆಯದ ಮಂತ್ರ, ಸುಡದ ಮಂತ್ರ? ಹುಡುಕುತ್ತ ಹೋದಂತೆ ಒಂದೊಂದೇ ಬಾಗಿಲು.

1983ರ ‘ಎನ್‌ಚಾಂಟರ್’ ಸಿಕ್ಕಿತು. ಇನ್ಫೋಕಾಮ್ ಕಂಪನಿಯದು, ಮಾರ್ಕ್ ಬ್ಲಾಂಕ್ ಮತ್ತು ಡೇವ್ ಲೆಬ್ಲಿಂಗ್ ಬರೆದದ್ದು. ಅದರಲ್ಲಿ ಚಿತ್ರವೇ ಇಲ್ಲ! ಬರೀ ಅಕ್ಷರ. ಅದು ಒಂದು ಕತೆ ಹೇಳುತ್ತದೆ, ನೀವು ಮುಂದೇನು ಮಾಡುತ್ತೀರೆಂದು ಟೈಪ್ ಮಾಡುತ್ತೀರಿ. ಮಂತ್ರಗಳ ಹೆಸರು ಕೇಳಿ: ‘ಫ್ರೋಟ್ಜ್’ ಎಂದರೆ ವಸ್ತು ಬೆಳಗುತ್ತದೆ, ‘ರೆಜ್ರೋವ್’ ಎಂದರೆ ಕೀಲಿ ಹಾಕಿದ್ದು ತೆರೆಯುತ್ತದೆ, ‘ನಿಟ್‌ಫೋಲ್’ ಎಂದರೆ ಪ್ರಾಣಿಗಳ ಜೊತೆ ಅವುಗಳ ಮಾತಿನಲ್ಲೇ ಮಾತಾಡಬಹುದು, ‘ಕ್ರೆಬ್ಫ್’ ಎಂದರೆ ಬೇಕೆಂದೇ ಮುರಿದದ್ದು ಕೂಡಿಕೊಳ್ಳುತ್ತದೆ. ದೀಪ, ಕೀಲಿಕೈ, ದನದ ಜೊತೆ ಮಾತು, ಒಡಕಲು ಪಾತ್ರೆಗೆ ಬೆಸುಗೆ. ಇವೆಲ್ಲ ಮನೆಗೆಲಸದ ಮಂತ್ರಗಳು! ಕತ್ತಲ ಕೋಣೆಗೆ ಹೋಗುವ ಮುನ್ನ ಬಹಳ ಮಂದಿ ಆಟಗಾರರು ಮಾಡುತ್ತಿದ್ದ ಉಪಾಯ ನನಗೆ ಎಲ್ಲಕ್ಕಿಂತ ಹಿಡಿಸಿತು: ಕೈಯಲ್ಲಿದ್ದ ಮಂತ್ರದ ಪುಸ್ತಕಕ್ಕೇ ‘ಫ್ರೋಟ್ಜ್’ ಹಾಕುವುದು. ಪುಸ್ತಕವೇ ಲಾಟೀನು! ಇಂಥ ಹಳೆಯ ಆಟಗಳನ್ನು ಇಂದಿನ ಕಂಪ್ಯೂಟರಿನಲ್ಲಿ ಆಡಿಸುವ ತಂತ್ರಾಂಶವೊಂದಕ್ಕೆ ಇಂದಿಗೂ ‘ಫ್ರೋಟ್ಜ್’ ಎಂದೇ ಹೆಸರು. ನಂದಿಹೋದ ಆಟಗಳನ್ನು ಬೆಳಗಿಸುವುದಕ್ಕೆ ಅದಕ್ಕಿಂತ ಒಪ್ಪುವ ಹೆಸರು ಬೇರೆ ಯಾವುದು?

ನಿಂಟೆಂಡೊದ ಜೆಲ್ಡಾ ಆಟಗಳಲ್ಲಿ ಕಾದಾಟ ಬೇಕಾದಷ್ಟಿದೆ, ಆದರೆ ಅದರ ನಡುವೆಯೂ ಎಂಥ ಬುದ್ಧಿ! 2017ರ ‘ಬ್ರೆತ್ ಆಫ್ ದ ವೈಲ್ಡ್’ನಲ್ಲಿ ಕರೆಂಟು ಹರಿಯಬೇಕಾದ ಕಡೆ ಸಂದು ಬಿಟ್ಟಿದ್ದರೆ ಕಬ್ಬಿಣದ ಕತ್ತಿಗಳನ್ನು ಸಾಲಾಗಿ ನೆಲಕ್ಕಿಟ್ಟರೆ ಸಾಕು, ಕತ್ತಿಯೇ ತಂತಿಯಾಗುತ್ತದೆ. 2023ರ ಮೇ 12ರಂದು ಬಂದ ‘ಟಿಯರ್ಸ್ ಆಫ್ ದ ಕಿಂಗ್‌ಡಮ್’ನಲ್ಲಂತೂ ಆಕಾಶದಿಂದ ಬಂಡೆಯೊಂದು ಧಡ್ ಎಂದು ಬೀಳುತ್ತದೆ. ನೀವು ಅದರ ಮೇಲೆ ಹತ್ತಿ ನಿಂತು ‘ರೀಕಾಲ್’ ಎಂಬ ಶಕ್ತಿ ಬಳಸುತ್ತೀರಿ. ಬಂಡೆಗೆ ಕಾಲ ಹಿಂದಕ್ಕೆ ಓಡುತ್ತದೆ, ಬಿದ್ದ ದಾರಿಯಲ್ಲೇ ಮೇಲಕ್ಕೇರುತ್ತದೆ, ಮೇಲೆ ನಿಂತ ನೀವೂ ಮುಗಿಲಿಗೆ! ಲೂಮ್‌ನ ತಿರುಗುಮಟ್ಟೇ ಅಲ್ಲವೇ ಇದು? ಅದೇ ಆಟದಲ್ಲಿ ತಲೆಯ ಮೇಲಿನ ಚಾವಣಿಯನ್ನು ಈಜಿ ದಾಟಿ ಮೇಲೆ ಹೊರಡುವ ‘ಅಸೆಂಡ್’ ಎಂಬುದೂ ಇದೆ. ಅದು ಮೊದಲು ಮಂತ್ರವೇ ಆಗಿರಲಿಲ್ಲ. ಗವಿಗಳನ್ನು ಪರೀಕ್ಷಿಸುತ್ತಿದ್ದ ತಯಾರಕರು ಮತ್ತೆ ನಡೆದು ಹೊರಬರುವ ಬೇಸರಕ್ಕೆ ತಮಗಾಗಿ ಮಾಡಿಕೊಂಡ ಅಡ್ಡದಾರಿ. ನಮಗಿಷ್ಟು ಸುಲಭವಾದದ್ದು ಆಡುವವರಿಗೂ ಸಿಗಲಿ ಎಂದು ಕೊಟ್ಟುಬಿಟ್ಟರು.

ಅದೇ ವರ್ಷದ ‘ಬಾಲ್ಡರ್ಸ್ ಗೇಟ್ 3’ರಲ್ಲಿ ಸತ್ತವರ ಜೊತೆ ಮಾತಾಡುವ ಮಂತ್ರವಿದೆ. ಐದೇ ಪ್ರಶ್ನೆ. ಆದರೆ ನೀವೇ ಕೊಂದಿದ್ದರೆ ಆ ಹೆಣ ನಿಮ್ಮೊಡನೆ ಮಾತಾಡದು, ವೇಷ ಮರೆಸಿಕೊಂಡು ಹೋಗಬೇಕು! ಕೊಲ್ಲುವ ಕೈಗೆ ಕತೆ ಸಿಗದು ಎಂಬ ಲೆಕ್ಕ ಅದರ ಒಳಗೇ ಕೂತಿದೆ.

ಇದನ್ನೆಲ್ಲ ಒಂದು ರಾತ್ರಿ ಅಂಗಳದಲ್ಲಿ ಕೂತು ನಾನೂ ಹುಡುಗನೂ ಒಬ್ಬರ ಮಾತಿನ ಮೇಲೊಬ್ಬರು ಹೇಳುತ್ತಿದ್ದೆವು. ಕರೆಂಟು ಹೋಗಿತ್ತು. ಅವ್ವ ಬೀಸಣಿಗೆ ಬೀಸುತ್ತ ಕೇಳಿದಳು, ಕೇಳಿದಳು, ಆಮೇಲೆ ತಣ್ಣಗೆ ಅಂದಳು: “ಹೂವಿನ ಗಿಡ ಆಗಿದ್ದ ಹುಡುಗಿ ಕತಿ ನಿನಗ ಹೇಳಿಲ್ಲೇನೋ?”

ಆ ಕತೆ! ಎ. ಕೆ. ರಾಮಾನುಜನ್ ಕನ್ನಡ ಸೀಮೆಯಲ್ಲಿ ಸಂಗ್ರಹಿಸಿ ಲೋಕಕ್ಕೆಲ್ಲ ಮುಟ್ಟಿಸಿದ ಕತೆ. ಅವರು ತೀರಿಕೊಂಡ ಮೇಲೆ 1997ರಲ್ಲಿ ಬಂದ ಪುಸ್ತಕಕ್ಕೆ ಅದರದೇ ಹೆಸರು. ಗಿರೀಶ ಕಾರ್ನಾಡರು ಅದನ್ನು ‘ಚೆಲುವಿ’ ಎಂದು 1992ರಲ್ಲಿ ಸಿನಿಮಾ ಮಾಡಿದರು, ಅಮೆರಿಕದ ಜಾನ್ ಆಡಮ್ಸ್ 2006ರಲ್ಲಿ ವಿಯೆನ್ನಾದಲ್ಲಿ ಒಪೆರಾ ಮಾಡಿದರು. ಇದೆಲ್ಲ ನನಗೆ ಗೊತ್ತಿತ್ತು. ಆದರೆ ಅಂದು ರಾತ್ರಿ ಕತ್ತಲಲ್ಲಿ ಅವ್ವನ ಬಾಯಿಂದ ಕೇಳಿದಾಗ ಬೇರೆಯೇ ಏನೋ ಕಂಡಿತು. ಮೈಯೆಲ್ಲ ಕಿವಿಯಾಗಿ ಕೂತೆ.

ಬಡ ಮುದುಕಿಗೆ ಇಬ್ಬರು ಹೆಣ್ಣುಮಕ್ಕಳು. ಕೂಲಿ ಮಾಡಿ ಬೆಳೆಸುತ್ತಾಳೆ. ತಾಯಿಗೆ ನಾಲ್ಕು ಕಾಸು ಆಗಲೆಂದು ಕಿರಿಯಳು ಅಕ್ಕನನ್ನು ಕರೆಯುತ್ತಾಳೆ. ನೆಲ ಸಾರಿಸು. ಎರಡು ಕೊಡ ನೀರು ತಾ, ಉಗುರು ನೀರಿಗೆ ತಾಗಬಾರದು. ನಾನು ಧ್ಯಾನಕ್ಕೆ ಕೂಡುತ್ತೇನೆ. ಒಂದು ಕೊಡ ಸುರಿ, ಗಿಡವಾಗುತ್ತೇನೆ. ಹೂ ಬಿಡಿಸಿಕೋ, ಒಂದು ಚಿಗುರೂ ಮುರಿಯಬಾರದು, ಒಂದು ಎಲೆಯೂ ಹರಿಯಬಾರದು. ಆಮೇಲೆ ಇನ್ನೊಂದು ಕೊಡ ಸುರಿ, ಮತ್ತೆ ಮನುಷ್ಯಳಾಗುತ್ತೇನೆ.

“ಅಜ್ಜಿ!” ಹುಡುಗ ಎದ್ದೇ ಕೂತ. “ಒಂದು ಕೊಡ ಮುಂದ, ಒಂದು ಕೊಡ ಹಿಂದ! ಲೂಮ್ ಹಂಗ ಐತಲ್ಲ!”

ಹೌದಲ್ಲ! ಒಂದು ಸುರಿತಕ್ಕೆ ಗಿಡ, ಇನ್ನೊಂದಕ್ಕೆ ಹುಡುಗಿ. ಮಂತ್ರಕ್ಕೆ ಸರಂಜಾಮು ಉಂಟು, ವರಸೆ ಉಂಟು, ಎಚ್ಚರಿಕೆ ಉಂಟು. ಒಬ್ಬಳಿಂದ ಆಗದು, ನೀರು ಸುರಿಯುವ ಕೈ ಇನ್ನೊಂದು ಬೇಕು. ಇಷ್ಟು ದೊಡ್ಡ ಶಕ್ತಿ ಹಿಡಿದು ಆ ಹುಡುಗಿ ಮಾಡಿದ್ದೇನು? ಯಾರನ್ನೂ ಗೆಲ್ಲಲಿಲ್ಲ. ಹೂ ಕಟ್ಟಿ ಅರಮನೆಗೆ ಮಾರಿದಳು!

ಅದಕ್ಕಿಂತ ದೊಡ್ಡದು ಮುಂದಿದೆ. ಮದುವೆಯಾದ ಮೇಲೆ ನಾದಿನಿ ಹಟಹಿಡಿದು ಅವಳನ್ನು ಗಿಡ ಮಾಡಿಸುತ್ತಾಳೆ. ನಾದಿನಿಯ ಜೊತೆಯ ಹುಡುಗಿಯರು ಹತ್ತಿ ಕೊಂಬೆ ಮುರಿಯುತ್ತಾರೆ, ಎರಡನೆಯ ನೀರನ್ನು ಹೇಗೆಹೇಗೋ ಚೆಲ್ಲಿ ಓಡಿಹೋಗುತ್ತಾರೆ. ಮುರಿದ ಕೊಂಬೆಗೆ ತಕ್ಕಂತೆ ಕೈಕಾಲಿಲ್ಲದ ಮೈಯಾಗಿ ಉಳಿಯುತ್ತಾಳೆ ಅವಳು. ಕೊನೆಗೆ ಗಂಡ ಅವಳನ್ನು ಗುರುತು ಹಿಡಿದು ಒಂದು ಕೊಡ ಸುರಿಯುತ್ತಾನೆ, ಮತ್ತೆ ಗಿಡ. ಬಾಗಿದ ಕೊಂಬೆ ನೆಟ್ಟಗೆ ಮಾಡುತ್ತಾನೆ, ಮುರಿದ ಎಲೆ ಕಟ್ಟುತ್ತಾನೆ, ಒಂದೊಂದನ್ನೂ ಜೋಡಿಸುತ್ತಾನೆ, ಆಮೇಲೆ ಎರಡನೆಯ ಕೊಡ. ಇಡೀ ಹುಡುಗಿ!

ಗಿಡದ ಗಾಯ ಹುಡುಗಿಯ ಗಾಯ. ಹುಡುಗಿಯಾಗಿದ್ದಾಗ ವಾಸಿಯಾಗದ್ದು ಗಿಡವಾಗಿದ್ದಾಗ ವಾಸಿಯಾಗುತ್ತದೆ. ಕಂಪ್ಯೂಟರ್ ಕಟ್ಟಬೇಕಾದ ನಿಯಮವನ್ನು ಅಕ್ಷರ ಬಾರದ ಅಜ್ಜಿಯರು ಅಡುಗೆಮನೆಯಲ್ಲಿ ಕೂತು ಇಷ್ಟು ಬಿಗಿಯಾಗಿ ಕಟ್ಟಿದ್ದರು! ನಿಟ್‌ಫೋಲ್, ಕ್ರೆಬ್ಫ್, ರೀಕಾಲ್ ಎಂದು ನಾನು ವಾರದಿಂದ ದೇಶದೇಶ ಸುತ್ತಿ ತಂದದ್ದಕ್ಕೆಲ್ಲ ಅವ್ವನ ಮಡಿಲಲ್ಲಿ ಜೋಡಿ ಸಿಕ್ಕಿತು. ಬೆಂಗಳೂರಿನಲ್ಲಿ ರಾಜೇಶ್ ರಾವ್ 1997ರಲ್ಲಿ ‘ಧ್ರುವ ಇಂಟರ್ಯಾಕ್ಟಿವ್’ ಶುರುಮಾಡಿದಂದಿನಿಂದ ಗೇಮ್ ಕೆಲಸ ನಮ್ಮ ನಾಡಿನಲ್ಲಿ ನಡೆದೇ ಇದೆ. ಈ ಎರಡು ಕೊಡಗಳನ್ನು ಯಾರಾದರೂ ಒಂದು ದಿನ ಆಟಗಾರನ ಕೈಗೆ ಕೊಡಲೇಬೇಕು. ನನಗೆ ಆಡಬೇಕು ಅದನ್ನು!

ಕರೆಂಟು ಬಂತು. ಯಾರೂ ಏಳಲಿಲ್ಲ. ಹುಡುಗ ನೋಟುಬುಕ್ಕಿನ ಹೊಸ ಪುಟದಲ್ಲಿ ಎರಡು ಕೊಡ ಬರೆದ, ನಡುವೆ ಒಂದು ಗಿಡ. ಎಲೆ ಒಂದೊಂದಕ್ಕೂ ಅಂಕಿ ಹಾಕತೊಡಗಿದ. ಆಮೇಲೆ ಪೆನ್ಸಿಲ್ ತಡೆದು ತಲೆಯೆತ್ತಿದ.

“ಅಜ್ಜಿ, ನೀರಿಗೆ ಉಗುರು ತಾಗಿದ್ರ ಏನಾಗ್ತಿತ್ತು?”

ಅವ್ವ ಬೀಸಣಿಗೆ ನಿಲ್ಲಿಸಿದಳು. ಎಪ್ಪತ್ತು ವರ್ಷದಿಂದ ಆ ಕತೆ ಗೊತ್ತಿದ್ದವಳು.

“ತಾಗಿಸಿ ನೋಡಿದವರ ಇಲ್ಲಲ್ಲೋ,” ಎಂದಳು. “ನಿನ್ನ ಆಟದಾಗ ಒಮ್ಮೆ ತಾಗಿಸು. ಏನಾತು ಅಂತ ನನಗೂ ತೋರಿಸು.”