ಹುಣ್ಣನ್ನು ಕೆರೆದು ತೊಳೆಯುವುದೇಕೆ?

ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣಿಗೆ ಡ್ರೆಸ್ಸಿಂಗ್ ಮಾಡುವಾಗ ವೈದ್ಯರು ಸತ್ತ ಮಾಂಸವನ್ನು ಕೆರೆದು ತೆಗೆಯುತ್ತಾರೆ. "ಮಾತ್ರೆ, ಇಂಜೆಕ್ಷನ್ ಸಾಲದೇ?" ಎಂದು ನೀವು ಕೇಳುವುದು ಸಹಜ.

ಬೇಗ ಮಾಯದ ಹುಣ್ಣಿನಲ್ಲಿ ಸಾಮಾನ್ಯವಾಗಿ ಹಲವು ಜಾತಿಯ ರೋಗಾಣುಗಳು ಕೂಡಿ, ತಾವೇ ಸ್ರವಿಸಿದ ಲೋಳೆಯ ಪದರದೊಳಗೆ ವಾಸಿಸುತ್ತವೆ. ಕಲ್ಲಿಗೆ ಪಾಚಿ ಹಿಡಿದಂತೆ ಈ ಪದರ ಹುಣ್ಣಿಗೆ ಅಂಟಿಕೊಂಡಿರುತ್ತದೆ. ಇದಕ್ಕೆ ಬಯೋಫಿಲ್ಮ್ ಎಂದು ಹೆಸರು. ಮೇಲಿರುವವು ಆಮ್ಲಜನಕವನ್ನು ಬಳಸಿಬಿಡುವುದರಿಂದ, ಗಾಳಿ ಒಗ್ಗದ ಜಾತಿಗಳು ಅಡಿಯಲ್ಲಿ ಬೆಳೆಯುತ್ತವೆ. ಒಳಗಿನ ಕೆಲವು ಆಹಾರ ಸಾಲದೆ ಬೆಳವಣಿಗೆ ನಿಲ್ಲಿಸಿ ಸುಮ್ಮನಿರುತ್ತವೆ. ಇವುಗಳಿಗೆ ಆಂಟಿಬಯಾಟಿಕ್ ಸರಿಯಾಗಿ ನಾಟುವುದಿಲ್ಲ. ಜೊತೆಗೆ, ಔಷಧಿಯನ್ನು ಎದುರಿಸುವ ಗುಣವನ್ನು ಒಂದು ಜಾತಿ ಇನ್ನೊಂದಕ್ಕೆ ದಾಟಿಸಲೂಬಹುದು.

ಕೆರೆದಾಗ ಈ ಪದರ ಒಡೆದು ಔಷಧಿ ತಗಲುತ್ತದೆ. ಆದರೆ 2-3 ದಿನಗಳಲ್ಲಿ ಅದು ಮತ್ತೆ ಕಟ್ಟಿಕೊಳ್ಳಬಲ್ಲದು. ಆದ್ದರಿಂದ:

- ಹೇಳಿದ ದಿನ ಡ್ರೆಸ್ಸಿಂಗ್‌ಗೆ ತಪ್ಪದೆ ಬನ್ನಿ.
- ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸಬೇಡಿ. ಅಂಗಡಿಯಿಂದ ತಂದು ನುಂಗಲೂಬೇಡಿ.
- ಮನೆಯಲ್ಲಿ ನೀವೇ ಕೆರೆಯಬೇಡಿ.
- ಸಕ್ಕರೆಯನ್ನು ಹತೋಟಿಯಲ್ಲಿಡಿ.

ಕಾಲು ಮರಗಟ್ಟಿದವರಿಗೆ ನೋವು ತಿಳಿಯುವುದಿಲ್ಲ. ನೋವಿಲ್ಲವೆಂದು ನಿರ್ಲಕ್ಷಿಸಿದರೆ ಬೆರಳನ್ನೋ ಪಾದವನ್ನೋ ತೆಗೆಯಬೇಕಾದೀತು. ಜೊತೆಯಲ್ಲಿರುವವರು ದಿನವೂ ಅವರ ಕಾಲನ್ನು ನೋಡಿರಿ. ಕೆಂಪು, ಬಾವು, ದುರ್ವಾಸನೆ ಕಂಡರೆ ಕೂಡಲೇ ಕರೆತನ್ನಿರಿ.