ಹಲ್ಲಿನಲ್ಲಿ ಅಡಗಿದ ಹುಟ್ಟೂರು

ಸಂಸ್ಕೃತದಲ್ಲಿ ಹಲ್ಲಿಗೆ ‘ದ್ವಿಜ’ ಎಂಬ ಹೆಸರುಂಟು. ಹಾಲುಹಲ್ಲಾಗಿ ಒಮ್ಮೆ, ಶಾಶ್ವತ ದಂತವಾಗಿ ಮತ್ತೊಮ್ಮೆ ಹುಟ್ಟುವುದೇ ಇದಕ್ಕೆ ಕಾರಣ. ಈ ಶಾಶ್ವತ ದಂತವು ತಾನು ಬೆಳೆದ ನೆಲದ ಗುರುತನ್ನು ಸಾವಿರಾರು ವರ್ಷ ಕಾಪಾಡಿಕೊಂಡಿರುವುದೆಂದು ರಸಾಯನಶಾಸ್ತ್ರಜ್ಞರು ಕಂಡುಕೊಂಡಿರುವರು. ಬರಹವಿಲ್ಲದ ಕಾಲದ ಜನರು ಎಲ್ಲಿಂದ ಎಲ್ಲಿಗೆ ಹೋದರೆಂಬುದಕ್ಕೆ ಇದೊಂದು ಬಲವಾದ ಸಾಕ್ಷಿ.

ಶ್ರೀರಂಗಪಟ್ಟಣದ ಬಳಿಯ ನಮ್ಮ ಬಾಬುರಾಯನಕೊಪ್ಪಲಿನಲ್ಲಿ ಬಹು ಹಿಂದೆ ಒಂದು ಮಗು ಹುಟ್ಟಿತೆಂದು ಭಾವಿಸೋಣ. ಕಲ್ಲು ಸವೆದು ಮಣ್ಣಾಗುವುದು. ಮಣ್ಣಿನ ಸಾರವು ನೀರನ್ನೂ ರಾಗಿಯನ್ನೂ ಹುಲ್ಲನ್ನೂ ಸೇರುವುದು. ಹುಲ್ಲಿನಿಂದ ಹಾಲಿಗೆ, ಹಾಲಿನಿಂದ ಮಗುವಿಗೆ ಇಳಿಯುವುದು. ಆ ಸಾರದಲ್ಲಿ ಸ್ಟ್ರಾನ್ಷಿಯಂ ಎಂಬ ಧಾತುವು ಅತ್ಯಲ್ಪವಾಗಿ ಬೆರೆತಿರುವುದು. ಇದು ಸುಣ್ಣದಲ್ಲಿರುವ ಕ್ಯಾಲ್ಸಿಯಮ್ಮಿನ ದಾಯಾದಿ. ಆದಕಾರಣ ಹಲ್ಲು ಕಟ್ಟುವಾಗ ತಾನೂ ಅದರೊಡನೆ ಸೇರಿಬಿಡುವುದು.

ಆರನೆಯ ವರ್ಷದ ಸುಮಾರಿಗೆ ಮೂಡುವ ದವಡೆಹಲ್ಲಿನ ಹೊರಕವಚವು, ಹುಟ್ಟಿದಂದಿನಿಂದ ಸುಮಾರು ಮೂರು ವರ್ಷದೊಳಗೆ ವಸಡಿನ ಒಳಗೇ ಸಿದ್ಧವಾಗುವುದು. ಎಲುಬು ಬದುಕಿರುವವರೆಗೂ ಹೊಸತಾಗುತ್ತಿರುವುದು. ಈ ಕವಚವಾದರೋ ಒಮ್ಮೆ ಕಟ್ಟಿದ ಮೇಲೆ ಹೊಸತಾಗದು. ಬುದ್ಧಿಹಲ್ಲಿನ ಕವಚವು ಹತ್ತು ಹನ್ನೆರಡು ವಯಸ್ಸಿನ ಆಸುಪಾಸಿನಲ್ಲಿ ಕಟ್ಟುವುದು. ಎರಡರ ಗುರುತೂ ಬೇರೆಯಾಗಿದ್ದರೆ, ನಡುವೆ ಆ ಮಗು ಊರು ಬದಲಿಸಿರಬೇಕೆಂದು ಊಹಿಸಬಹುದು.

ಎಲ್ಲ ನೆಲದ ಗುರುತೂ ಒಂದೇ ಅಲ್ಲ. ಸ್ಟ್ರಾನ್ಷಿಯಂ ಪರಮಾಣುಗಳಲ್ಲಿ 86ರ ತೂಕದವೂ 87ರ ತೂಕದವೂ ಉಂಟು. ರುಬಿಡಿಯಂ ಎಂಬ ಧಾತುವಿನ ಒಂದು ಬಗೆಯು ಅತಿ ನಿಧಾನವಾಗಿ 87ರ ಸ್ಟ್ರಾನ್ಷಿಯಂ ಆಗಿ ಮಾರ್ಪಡುವುದು. ಆದ್ದರಿಂದ ರುಬಿಡಿಯಂ ಹೆಚ್ಚಾಗಿರುವ ಪುರಾತನ ಶಿಲೆಗಳಲ್ಲಿ 87ರ ಪಾಲು ಅಧಿಕ. ಮಂಡ್ಯ ಸೀಮೆಯ ಶಿಲೆಗಳು ಸುಮಾರು 300 ಕೋಟಿ ವರ್ಷ ಹಳೆಯವು. ಬೆಳಗಾವಿ, ವಿಜಯಪುರಗಳ ಕಡೆಯ ಕರಿಕಲ್ಲು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ. ಅಲ್ಲಿ ಬೆಳೆದವನು ಇಲ್ಲಿ ಮಡಿದರೆ, ಅವನ ಹಲ್ಲು ಈ ನೆಲದ ಗುರುತಿಗೆ ಹೊಂದದು.

ಈ ಪರೀಕ್ಷೆಯ ಫಲವನ್ನು ಸಿಂಧೂ ನಾಗರಿಕತೆಯಲ್ಲಿ ನೋಡಬಹುದು. ಪಾಕಿಸ್ತಾನದ ಹರಪ್ಪ, ಹರಿಯಾಣದ ಫರ್ಮಾನ, ಈ ಎರಡು ಕಡೆಯ ಸ್ಮಶಾನಗಳಲ್ಲಿ ದೊರೆತ ಕ್ರಿ.ಪೂ. 2600ರಿಂದ 1900ರವರೆಗಿನ ಜನರ ಹಲ್ಲುಗಳಲ್ಲಿ ಸ್ಟ್ರಾನ್ಷಿಯಮ್ಮನ್ನೂ ಸೀಸವನ್ನೂ ಅಳೆದ ವರದಿಯು 2015ರಲ್ಲಿ ಪ್ರಕಟವಾಯಿತು. ಅಲ್ಲಿ ಹೂಳಲ್ಪಟ್ಟವರಲ್ಲಿ ಹೆಚ್ಚುಕಡಿಮೆ ಎಲ್ಲರೂ ಬೇರೆಡೆ ಹುಟ್ಟಿ, ಎಳೆತನದಲ್ಲಿ ವಲಸೆ ಬಂದವರೆಂಬುದು ವಿದ್ವಾಂಸರ ನಿರ್ಣಯ. ನಗರದ ಮೂಲ ಮನೆತನದವರ ಸ್ಮಶಾನವೆಂದು ಯಾರಾದರೂ ಎಣಿಸಬಹುದಾಗಿದ್ದ ಸ್ಥಳವು ಹೀಗೆ ಪರಸ್ಥಳದ ಮಕ್ಕಳ ವಿಶ್ರಾಂತಿಸ್ಥಾನವಾಯಿತು!

ಆದರೆ ಈ ಸಾಕ್ಷಿಗೆ ಮಿತಿಯುಂಟು. ‘ಇವನು ಈ ಊರಿನವನಲ್ಲ’ ಎಂದು ಹಲ್ಲು ಹೇಳಬಲ್ಲದು. ‘ಇಂಥ ಊರಿನವನೇ’ ಎಂದು ಹೇಳುವುದು ಕಷ್ಟ. ಒಂದೇ ಬಗೆಯ ಶಿಲೆ ದೂರದೂರದ ಎರಡು ಸೀಮೆಗಳಲ್ಲಿಯೂ ಇರಬಹುದಷ್ಟೆ.

ನಮ್ಮ ಕಾವೇರಿಯ ದಡದಲ್ಲಿಯೂ ಪುರಾತನರು ಬಾಳಿದ್ದಾರೆ. ಇಲ್ಲಿಂದ ಕೆಳಗೆ, ಕಪಿಲೆಯ ಸಂಗಮದ ತಿರುಮಕೂಡಲು ನರಸೀಪುರದಲ್ಲಿ 1959ರಿಂದ ಎಂ. ಶೇಷಾದ್ರಿಯವರು ನಡೆಸಿದ ಉತ್ಖನನದಿಂದ ನವಶಿಲಾಯುಗದ ನೆಲೆಯೊಂದು ಬೆಳಕಿಗೆ ಬಂದಿತು. ಆದಕಾರಣ ಹೊಲ ಅಗೆಯುವಾಗಲೋ ಪಾಯ ತೆಗೆಯುವಾಗಲೋ ಹಳೆಯ ಮಡಕೆಯೊಡನೆ ಎಲುಬು, ಹಲ್ಲು ಕಂಡರೆ ಗೃಹಸ್ಥರು ಅಪಶಕುನವೆಂದು ಹೆದರಿ ಹೊಳೆಗೆ ಎಸೆಯಬಾರದು. ಕೆಲಸವನ್ನು ನಿಲ್ಲಿಸಿ, ಇದ್ದಲ್ಲಿಯೇ ಇರಗೊಟ್ಟು, ಪುರಾತತ್ತ್ವ ಇಲಾಖೆಗೆ ತಿಳಿಸತಕ್ಕದ್ದು. ಹೆಸರನ್ನು ಬರೆದಿಡದೆ ಹೋದವರ ಚರಿತ್ರೆಯು ಕಡಲೆಯಷ್ಟು ಗಾತ್ರದ ಆ ಹಲ್ಲಿನಲ್ಲಿ ಉಳಿದಿರಬಹುದು.