ಪರದೇಶದ ವಿದ್ಯೆಯೂ ಮನೆಯ ಲೆಕ್ಕವೂ

ದೇಶ ಸುತ್ತಬೇಕು, ಕೋಶ ಓದಬೇಕು ಎಂದು ನಮ್ಮ ಹಿರಿಯರು ಬಹುಕಾಲದಿಂದ ಹೇಳುತ್ತ ಬಂದಿರುವರು. ಕೋಶವೆಂಬ ಶಬ್ದಕ್ಕೆ ಗ್ರಂಥವೆಂಬ ಅರ್ಥವಿರುವಂತೆ ಬೊಕ್ಕಸವೆಂಬ ಅರ್ಥವೂ ಉಂಟು. ಮಗನನ್ನೋ ಮಗಳನ್ನೋ ಉಚ್ಚ ವ್ಯಾಸಂಗಕ್ಕಾಗಿ ಪರದೇಶಕ್ಕೆ ಕಳುಹಿಸಲು ಸಂಕಲ್ಪಿಸಿರುವ ಗೃಹಸ್ಥರು ಈ ಎರಡನೆಯ ಕೋಶವನ್ನೂ ಚೆನ್ನಾಗಿ ಓದಿಕೊಳ್ಳುವುದು ಅವಶ್ಯವೆಂದು ನಾವು ಭಾವಿಸುತ್ತೇವೆ. ಬೆಂಗಳೂರು, ಮೈಸೂರು, ಧಾರವಾಡ, ಮಂಗಳೂರುಗಳ ಕಾಲೇಜುಗಳಲ್ಲಿ ಕೊನೆಯ ವರ್ಷದ ತರಗತಿಗೆ ಬಂದವರ ನಡುವೆ 'ಯಾವ ದೇಶಕ್ಕೆ ಹೋಗುವೆ?' ಎಂಬ ಪ್ರಶ್ನೆ ಈಗ ಸಾಮಾನ್ಯವಾಗಿದೆ. 'ಏನನ್ನು ಕಲಿಯಲು ಹೋಗುವೆ?' ಎಂಬ ಪ್ರಶ್ನೆಯು ಅಷ್ಟಾಗಿ ಕೇಳಿಬರುತ್ತಿಲ್ಲ. ಈ ಎರಡನೆಯದನ್ನೇ ಮೊದಲು ಕೇಳಿಕೊಂಡರೆ ಅನೇಕ ಕುಟುಂಬಗಳ ಸಂಕಟವು ತಪ್ಪೀತೆಂಬುದು ನಮ್ಮ ಇಂದಿನ ನಿವೇದನೆ.

ವಿದೇಶಗಮನಕ್ಕೆ ನಾವು ವಿರೋಧಿಗಳಲ್ಲ. 1888ರಲ್ಲಿ ಗಾಂಧಿಯವರು ಬ್ಯಾರಿಸ್ಟರಿಕೆ ಓದಲು ಲಂಡನ್ನಿಗೆ ಹೊರಟಾಗ ಅವರ ಜಾತಿಯ ಮುಖಂಡರು ಸಭೆ ಸೇರಿ ಬಹಿಷ್ಕಾರ ಹಾಕಿದರು. ಅಂಥ ತಡೆ ಇಂದು ಯಾರಿಗೂ ಇಲ್ಲ; ಇಲ್ಲದಿರುವುದು ಶುಭವೇ. ಆದರೆ ಅದೇ ಕಥೆಯ ಮತ್ತೊಂದು ಭಾಗವನ್ನು ನಾವು ಮರೆತಿದ್ದೇವೆ. ಅಣ್ಣನ ಹಣದಿಂದ ಓದುತ್ತಿದ್ದ ಆ ತರುಣರು ಲಂಡನ್ನಿನಲ್ಲಿ ಗಾಡಿಯ ಬಾಡಿಗೆ, ಅಂಚೆಯ ಚೀಟಿಗಳವರೆಗೆ ಕಾಸುಕಾಸಿನ ಲೆಕ್ಕವನ್ನು ಬರೆದಿಡುತ್ತಿದ್ದರು. ತನ್ನ ವಿದ್ಯೆಗೆ ಮನೆಯವರು ತೆರುತ್ತಿರುವುದೆಷ್ಟು ಎಂಬ ಎಚ್ಚರ ಅವರಿಗಿತ್ತು.

ಉದ್ದೇಶವು ಸ್ಪಷ್ಟವಾಗಿದ್ದರೆ ವಿದೇಶದ ವ್ಯಾಸಂಗ ಎಂಥ ಫಲ ಕೊಡಬಲ್ಲದೆಂಬುದಕ್ಕೆ ನಮ್ಮ ನಾಡಿನಲ್ಲಿಯೇ ನಿದರ್ಶನವುಂಟು. 1922ರಲ್ಲಿ ಮೈಸೂರು ಸಂಸ್ಥಾನದಲ್ಲಿ ಜನಿಸಿದ ರಾಜೇಶ್ವರಿ ಚಟರ್ಜಿಯವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತವನ್ನು ಓದಿ, ಭಾರತೀಯ ವಿಜ್ಞಾನ ಸಂಸ್ಥೆಯನ್ನು ಸೇರಿ, ಸರಕಾರದ ವಿದ್ಯಾರ್ಥಿವೇತನದಿಂದ 1947ರಲ್ಲಿ ಹಡಗು ಹತ್ತಿ ಅಮೆರಿಕದ ಮಿಶಿಗನ್ ವಿಶ್ವವಿದ್ಯಾನಿಲಯಕ್ಕೆ ಹೋದರು. ಅಲ್ಲಿ ಎಂಜಿನಿಯರಿಂಗಿನ ಸ್ನಾತಕೋತ್ತರ ಪದವಿಯನ್ನು ಪಡೆದು, ವಾಷಿಂಗ್ಟನ್ನಿನ ಮಾನಕಗಳ ಕಚೇರಿಯಲ್ಲಿ ಎಂಟು ತಿಂಗಳು ರೇಡಿಯೋ ತರಂಗಗಳ ಅಳತೆಯನ್ನು ಕಲಿತು, ಮತ್ತೊಂದು ವಿದ್ಯಾರ್ಥಿವೇತನದಿಂದ ಡಾಕ್ಟರೇಟನ್ನು ಮುಗಿಸಿದರು. 1953ರಲ್ಲಿ ಬೆಂಗಳೂರಿಗೆ ಮರಳಿ ಅದೇ ವಿಜ್ಞಾನ ಸಂಸ್ಥೆಯಲ್ಲಿ ಅಧ್ಯಾಪಕಿಯಾಗಿ, ಪತಿಯೊಡನೆ ಮೈಕ್ರೋವೇವ್ ಶಾಸ್ತ್ರದ ಸಂಶೋಧನೆಯನ್ನು ಬೆಳೆಸಿದರು. ಇಲ್ಲಿ ದೊರೆಯದ ವಿದ್ಯೆಯೊಂದನ್ನು ಗುರುತಿಸಿ, ಅದು ದೊರೆಯುವಲ್ಲಿಗೆ ಹೋಗಿ, ಕಲಿತು ತಂದವರು ಅವರು.

ಎಷ್ಟೇ ಯೋಚಿಸಿ ಹೊರಟರೂ ನಡುವೆ ವಿಘ್ನ ಬಾರದಿರದು ಎಂಬುದಕ್ಕೆ ಡಾಕ್ಟರ್ ಅಂಬೇಡ್ಕರರ ಚರಿತ್ರೆಯೇ ಸಾಕ್ಷಿ. ಬರೋಡಾ ಮಹಾರಾಜರ ವಿದ್ಯಾರ್ಥಿವೇತನದಿಂದ ಅವರು 1913ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾನಿಲಯವನ್ನು ಸೇರಿದರು. 1916ರಲ್ಲಿ ಲಂಡನ್ನಿಗೆ ಬಂದು ಓದನ್ನು ಮುಂದುವರಿಸಿದರಾದರೂ, ವೇತನದ ಅವಧಿ ತೀರಿದ್ದರಿಂದ 1917ರಲ್ಲಿ ಓದನ್ನು ಅರ್ಧಕ್ಕೇ ಬಿಟ್ಟು ತಾಯ್ನಾಡಿಗೆ ಹಿಂದಿರುಗಬೇಕಾಯಿತು. ಮುಂಬಯಿಯಲ್ಲಿ ಅಧ್ಯಾಪಕರಾಗಿ ದುಡಿದು ಉಳಿಸಿದ ಹಣ, ಕೊಲ್ಲಾಪುರದ ಶಾಹೂ ಮಹಾರಾಜರ ನೆರವು ಹಾಗೂ ಮಿತ್ರರೊಬ್ಬರಿಂದ ಪಡೆದ ಸಾಲ, ಈ ಮೂರನ್ನೂ ಕೂಡಿಸಿಕೊಂಡು 1920ರಲ್ಲಿ ಮತ್ತೆ ಲಂಡನ್ನಿಗೆ ತೆರಳಿ 1923ರಲ್ಲಿ ಡಿ.ಎಸ್‌ಸಿ. ಪದವಿಯನ್ನು ಪಡೆದರು. ಮೂರು ವರ್ಷಗಳ ತಡೆಯಿಂದಲೂ ಆ ಸಂಕಲ್ಪ ಕೆಡಲಿಲ್ಲ. ತಾವು ಕಲಿಯಬೇಕಾದುದು ಏನೆಂಬುದು ಅವರಿಗೆ ಖಚಿತವಾಗಿ ತಿಳಿದಿತ್ತು.

ಈಗ ನಮ್ಮ ಮನೆಗಳತ್ತ ದೃಷ್ಟಿ ಹಾಯಿಸೋಣ. ಇಂದಿನ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರಿಗೆ ಮಹಾರಾಜರ ವೇತನವಿಲ್ಲ, ಬ್ಯಾಂಕಿನ ಸಾಲವುಂಟು. ಸಾಲವು ಏಳೂವರೆ ಲಕ್ಷ ರೂಪಾಯಿಗಳನ್ನು ಮೀರಿದರೆ ಮನೆ, ನಿವೇಶನ ಮೊದಲಾದ ಆಸ್ತಿಯ ಆಧಾರವನ್ನು ಕೇಳುವುದು ಸಾಮಾನ್ಯ ರೂಢಿ. ವ್ಯಾಸಂಗದ ಕಾಲದಲ್ಲಿಯೂ ಆ ಬಳಿಕ ಒಂದು ವರ್ಷದವರೆಗೂ ಕಂತು ಕಟ್ಟಬೇಕಾಗಿಲ್ಲವೆಂಬ ಮಾತನ್ನು ತಂದೆತಾಯಿಗಳು ಸಂತೋಷದಿಂದ ಕೇಳುತ್ತಾರೆ. ಆ ಅವಧಿಯಲ್ಲಿಯೂ ಬಡ್ಡಿಯು ಬೆಳೆಯುತ್ತಿರುತ್ತದೆಂಬ ಮಾತು ಅಷ್ಟು ಚೆನ್ನಾಗಿ ಕಿವಿಗೆ ಬೀಳುವುದಿಲ್ಲ.

ಒಂದು ಕಲ್ಪಿತ ಲೆಕ್ಕವನ್ನು ಮಾಡಿ ನೋಡಬಹುದು. ಎರಡು ವರ್ಷದ ವ್ಯಾಸಂಗಕ್ಕೆ 40 ಲಕ್ಷ ರೂಪಾಯಿಗಳನ್ನು ಶೇಕಡಾ 10ರ ಬಡ್ಡಿಗೆ ಮೊದಲಿಗೇ ಪೂರ್ತಿಯಾಗಿ ಪಡೆದರೆಂದು ಇಟ್ಟುಕೊಳ್ಳಿರಿ. ಕಂತಿಲ್ಲದ ಮೂರು ವರ್ಷಗಳಲ್ಲಿ ಸರಳಬಡ್ಡಿಯೇ 12 ಲಕ್ಷವಾಗುತ್ತದೆ. ತೀರಿಸಲು ಆರಂಭಿಸುವ ದಿನ ಸಾಲವು 52 ಲಕ್ಷಕ್ಕೆ ನಿಂತಿರುತ್ತದೆ. ಅದನ್ನು ಹತ್ತು ವರ್ಷಗಳಲ್ಲಿ ತೀರಿಸಬೇಕಾದರೆ ತಿಂಗಳಿಗೆ ಸುಮಾರು 68,700 ರೂಪಾಯಿಗಳ ಕಂತು. ಹದಿನೈದು ವರ್ಷಗಳಿಗೆ ಹಂಚಿದರೆ ಸುಮಾರು 55,900. ಡಾಲರು ಪೌಂಡುಗಳಲ್ಲಿ ಸಂಬಳ ಬರುವವನಿಗೆ ಇದು ಸಾಧ್ಯವೆನಿಸೀತು. ಅಲ್ಲಿ ಕೆಲಸ ಸಿಕ್ಕದೆ ಊರಿಗೆ ಹಿಂದಿರುಗಿ, ಇಲ್ಲಿಯ ಮೊದಲ ಸಂಬಳದಲ್ಲಿ ಇದನ್ನು ಕಟ್ಟಬೇಕಾದವನ ಪಾಡೇನು? ನಿವೃತ್ತಿಗೆ ನಾಲ್ಕು ವರ್ಷವಿರುವ ತಂದೆಯು ಜಾಮೀನಿನ ಕಾಗದಕ್ಕೆ ರುಜು ಹಾಕುವ ಮುನ್ನ ಈ ಪ್ರಶ್ನೆಗೆ ಉತ್ತರ ಬರೆದಿರಬೇಕು.

ಅಲ್ಲಿ ನೌಕರಿ ದೊರೆಯುವುದೆಂಬ ಭರವಸೆಯು ಎಷ್ಟು ದುರ್ಬಲವಾದ ಆಧಾರವೆಂಬುದನ್ನು 2024ನೆಯ ಇಸವಿಯೊಂದೇ ತೋರಿಸಿಕೊಟ್ಟಿತು. ಆ ವರ್ಷದ ಜನವರಿಯಿಂದ ಬ್ರಿಟನ್ನು, ಸಂಶೋಧನಾ ವ್ಯಾಸಂಗದವರೇ ಮೊದಲಾದ ಕೆಲವರನ್ನು ಬಿಟ್ಟು, ಉಳಿದ ವಿದೇಶೀ ವಿದ್ಯಾರ್ಥಿಗಳು ಪತಿಪತ್ನಿಯರನ್ನೂ ಮಕ್ಕಳನ್ನೂ ಜೊತೆಗೆ ತರುವುದನ್ನು ನಿಲ್ಲಿಸಿತು. ಅದೇ ತಿಂಗಳು ಕೆನಡಾ ದೇಶವು ವಿದ್ಯಾರ್ಥಿ ಪರವಾನಗಿಗಳ ಸಂಖ್ಯೆಗೆ ಮಿತಿಯನ್ನು ಘೋಷಿಸಿತು. ಜುಲೈ ತಿಂಗಳಲ್ಲಿ ಆಸ್ಟ್ರೇಲಿಯವು ವಿದ್ಯಾರ್ಥಿ ವೀಸಾದ ಶುಲ್ಕವನ್ನು 710 ಡಾಲರುಗಳಿಂದ 1,600 ಡಾಲರುಗಳಿಗೆ ಏರಿಸಿತು. ತಂತಮ್ಮ ಮನೆಯ ಬಾಗಿಲನ್ನು ಎಷ್ಟು ತೆರೆಯಬೇಕೆಂಬುದು ಆಯಾ ದೇಶದವರ ಅಧಿಕಾರ. ಅದಕ್ಕಾಗಿ ಅವರನ್ನು ದೂಷಿಸಿ ಫಲವಿಲ್ಲ. ಆ ಬಾಗಿಲು ಸದಾ ತೆರೆದೇ ಇರುವುದೆಂದು ನಂಬಿ ಮನೆಯನ್ನು ಅಡವಿಡುವುದು ಮಾತ್ರ ನಮ್ಮದೇ ತಪ್ಪು. ಅಲ್ಲಿ ಕೆಲಸ ಸಿಕ್ಕದಿದ್ದರೂ ಕಲಿತ ವಿದ್ಯೆಯು ಇಲ್ಲಿ ಅನ್ನ ಕೊಡುವಂತಿದ್ದರೆ ಅದು ಯೋಜನೆ, ಇಲ್ಲವಾದರೆ ಜೂಜು.

ಪದವಿಗೆ ಇಲ್ಲಿ ಮನ್ನಣೆಯುಂಟೇ ಎಂಬುದನ್ನೂ ಮೊದಲೇ ವಿಚಾರಿಸತಕ್ಕದ್ದು. ವೈದ್ಯಕೀಯ ವ್ಯಾಸಂಗದ ವಿಷಯದಲ್ಲಿ ಇದು ಅತಿ ಮುಖ್ಯ. ರಾಷ್ಟ್ರೀಯ ವೈದ್ಯಕೀಯ ಆಯೋಗದ 2021ರ ನಿಯಮಗಳಂತೆ ವಿದೇಶದ ವ್ಯಾಸಂಗವು ಕನಿಷ್ಠ 54 ತಿಂಗಳದ್ದಾಗಿರಬೇಕು. ಬೋಧನೆ ಇಂಗ್ಲಿಷಿನಲ್ಲಿ ನಡೆಯಬೇಕು. ಅಲ್ಲಿ 12 ತಿಂಗಳ ಆಸ್ಪತ್ರೆಯ ತರಬೇತಿಯಾಗಬೇಕು. ಇಲ್ಲಿಗೆ ಬಂದ ಮೇಲೆ ಅರ್ಹತಾ ಪರೀಕ್ಷೆಯನ್ನು ತೇರ್ಗಡೆಯಾಗಿ ಮತ್ತೆ ತರಬೇತಿ ಪಡೆಯಬೇಕು. ಇದಾವುದನ್ನೂ ತಿಳಿಯದೆ ದಲ್ಲಾಳಿಯ ಮಾತನ್ನು ನಂಬಿ ಹೊರಟವರು ಆರು ವರ್ಷಗಳ ಬಳಿಕ ಪರಿತಪಿಸಿದರೆ ಕಳೆದ ಕಾಲವು ಹಿಂದಿರುಗುವುದಿಲ್ಲ. ಸಲಹೆ ನೀಡುವ ಸಂಸ್ಥೆಗಳಲ್ಲಿ ಹಲವು ವಿದೇಶದ ವಿದ್ಯಾಸಂಸ್ಥೆಗಳಿಂದಲೇ ದಲ್ಲಾಳಿ ಪಡೆಯುತ್ತವೆ. ಅವರ ಸಲಹೆ ಯಾರ ಹಿತಕ್ಕೆ ಎಂಬುದನ್ನು ವಾಚಕರೇ ಊಹಿಸಬಹುದು.

ಹಾಗಾದರೆ ಸಾಧಾರಣ ಸ್ಥಿತಿಯವರಿಗೆ ಮಾರ್ಗವೇ ಇಲ್ಲವೆ? ಉಂಟು. ಜರ್ಮನಿಯ ಸರಕಾರಿ ವಿಶ್ವವಿದ್ಯಾನಿಲಯಗಳಲ್ಲಿ ಬಹಳಷ್ಟು ಬೋಧನಾಶುಲ್ಕವನ್ನು ಪಡೆಯುವುದಿಲ್ಲ. ಆದರೆ ಒಂದು ವರ್ಷದ ಜೀವನವೆಚ್ಚದ ಹಣವು ಕೈಯಲ್ಲಿದೆಯೆಂದು ತೋರಿಸಬೇಕು. 2024ರ ಸೆಪ್ಟೆಂಬರಿನಲ್ಲಿ ಆ ಮೊಬಲಗನ್ನು 11,904 ಯೂರೋಗಳೆಂದು ನಿಗದಿಮಾಡಲಾಯಿತು. ಬಾಡೆನ್-ವುರ್ಟೆಂಬೆರ್ಗ್ ಪ್ರಾಂತದಲ್ಲಿ ಮಾತ್ರ 2017ರಿಂದ ಐರೋಪ್ಯ ಒಕ್ಕೂಟದ ಹೊರಗಿನವರು ಆರು ತಿಂಗಳಿಗೆ 1,500 ಯೂರೋ ಶುಲ್ಕ ತೆರಬೇಕು. ಪರಿಶಿಷ್ಟ ಜಾತಿಯವರೇ ಮೊದಲಾದವರಿಗೆ ಕೇಂದ್ರ ಸರಕಾರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನವಿದೆ. ಫುಲ್‌ಬ್ರೈಟ್-ನೆಹರೂ, ಕಾಮನ್‌ವೆಲ್ತ್, ಚೀವ್ನಿಂಗ್ ವೇತನಗಳು ಯೋಗ್ಯತೆಯಿಂದ ಸ್ಪರ್ಧಿಸುವವರಿಗಾಗಿ ಇವೆ. ಇವುಗಳ ಅರ್ಜಿಗೆ ಸಾಮಾನ್ಯವಾಗಿ ಒಂದು ವರ್ಷ ಮೊದಲೇ ಸಿದ್ಧತೆ ಬೇಕು. ಸೆಪ್ಟೆಂಬರಿನಲ್ಲಿ ತರಗತಿಯನ್ನು ಸೇರಬೇಕೆನ್ನುವವನು ಹಿಂದಿನ ವರ್ಷದ ಬೇಸಗೆಯಲ್ಲಿಯೇ ಅಧ್ಯಾಪಕರ ಶಿಫಾರಸು ಪತ್ರ, ಅಂಕಪಟ್ಟಿಗಳ ದೃಢೀಕೃತ ಪ್ರತಿ, ಭಾಷಾ ಪರೀಕ್ಷೆ, ತಾನು ಕಲಿಯಬಯಸುವುದನ್ನು ವಿವರಿಸುವ ಪತ್ರ ಇವುಗಳಿಗೆ ಕೈಹಚ್ಚುವುದು ಲೇಸು.

ಅಧಿಕಾರದಲ್ಲಿರುವ ನಮ್ಮ ವಾಚಕರಿಗೂ ಒಂದೆರಡು ಮಾತು. ಬಡ ವಿದ್ಯಾರ್ಥಿಯ ಅಂಕಪಟ್ಟಿಯ ಪ್ರತಿಯು ವಿಶ್ವವಿದ್ಯಾನಿಲಯದ ಕಚೇರಿಯ ಮೇಜಿನಿಂದ ಮೇಜಿಗೆ ಅಲೆಯುತ್ತ ಅರ್ಜಿಯ ಕೊನೆಯ ದಿನ ದಾಟಿದರೆ, ಅವನ ಒಂದು ವರ್ಷವನ್ನು ನಾವೇ ಕಸಿದಂತಾಗುತ್ತದೆ. ಸಾಲವನ್ನು ಮಂಜೂರು ಮಾಡುವ ಬ್ಯಾಂಕಿನ ಅಧಿಕಾರಿಯು ಕಂತು ಆರಂಭವಾಗುವ ದಿನ ನಿಲ್ಲುವ ಮೊತ್ತವನ್ನು ಕನ್ನಡದಲ್ಲಿ ಬರೆದು ತಂದೆತಾಯಿಗಳ ಕೈಗೆ ಕೊಟ್ಟರೆ ಅರ್ಧ ಗಂಟೆಯ ಶ್ರಮ. ಒಂದು ಮನೆ ಉಳಿದೀತು.

ವಿದ್ಯಾರ್ಥಿಗಳಲ್ಲಿ ನಮ್ಮ ವಿನಂತಿ ಇಷ್ಟೆ. ದೇಶದ ಹೆಸರನ್ನು ಬರೆಯುವ ಮುನ್ನ ಒಂದು ಹಾಳೆಯಲ್ಲಿ ಮೂರು ಸಾಲು ಬರೆಯಿರಿ: ನಾನು ಕಲಿಯಬೇಕಾದುದು ಯಾವುದು, ಅದು ಇಲ್ಲಿ ಏಕೆ ದೊರೆಯದು, ಹಿಂದಿರುಗಬೇಕಾಗಿ ಬಂದರೆ ಸಾಲವನ್ನು ಹೇಗೆ ತೀರಿಸುವೆನು. ಆ ಹಾಳೆಯನ್ನು ತಂದೆತಾಯಿಗಳ ಮುಂದೆ ಓದಿರಿ. ಮೂರಕ್ಕೂ ಉತ್ತರವಿದ್ದರೆ ಧೈರ್ಯವಾಗಿ ಹೊರಡಿರಿ; ಹಿರಿಯರ ಹರಕೆಯೂ ನಾಡಿನ ಹರಕೆಯೂ ನಿಮ್ಮೊಡನೆ ಇರುವುವು. ಒಂದಕ್ಕಾದರೂ ಉತ್ತರ ದೊರೆಯದಿದ್ದರೆ ಇನ್ನೊಂದು ವರ್ಷ ಕಾಯಿರಿ. ಮೂರು ವರ್ಷ ಕಾದು ಮತ್ತೆ ಲಂಡನ್ನಿನ ಹಡಗು ಹತ್ತಿದವರು ನಮ್ಮ ಸಂವಿಧಾನದ ಶಿಲ್ಪಿಗಳಾದರು.